ನೆಟ್ ಇಲ್ಲದಿದ್ದರೂ ಓಡುವ ಪ್ರಾಜೆಕ್ಟ್: ಪೈಥಾನ್ ಲೈಬ್ರರಿ ಪ್ಯಾಕೇಜ್ ಮಾಡುವುದು, ಡಿಪೆಂಡೆನ್ಸಿ ನೋಡಿಕೊಳ್ಳುವುದು ಹೇಗೆ?

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಮನೆಯಲ್ಲೇ ಕೂತು ಕೋಡ್ ಬರೆಯುವವರು ಈಗ ಸಾಕಷ್ಟು ಜನ ಇದ್ದಾರೆ. ಮಳೆ ಹಿಡಿಯಿತೆಂದರೆ ಇವರ ಫಜೀತಿ ಶುರು. ಮರ ಬಿದ್ದು ಲೈನ್ ಹೋಗುತ್ತದೆ. ಕರೆಂಟ್ ಇಲ್ಲದೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅದೇ ಹೊತ್ತಿಗೆ ಯಾರಿಗೋ ಪ್ರಾಜೆಕ್ಟ್ ಕೊಡಬೇಕಿರುತ್ತದೆ, ಅವರ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲ.

ಡಿಪೆಂಡೆನ್ಸಿಯನ್ನು, ಅಂದರೆ ನಿಮ್ಮ ಕೋಡ್ ಓಡಲು ಬೇಕಾದ ಬೇರೆಯವರ ಲೈಬ್ರರಿಗಳನ್ನು, ಸರಿಯಾಗಿ ನೋಡಿಕೊಂಡಿದ್ದೀರೋ ಇಲ್ಲವೋ ಎಂದು ತಿಳಿಯಲು ನಾನು ನಂಬುವುದು ಒಂದೇ ಪರೀಕ್ಷೆ. ಬೇರೆಯವರ ಕಂಪ್ಯೂಟರಿನಲ್ಲಿ, ವೈಫೈ ಆಫ್ ಮಾಡಿ, ನಿಮ್ಮ ಪ್ರಾಜೆಕ್ಟ್ ಇನ್‌ಸ್ಟಾಲ್ ಆಗಿ ಓಡಬೇಕು. ಅಲ್ಲಿಯವರೆಗೆ ಹೋಗುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಉದಾಹರಣೆಗೆ ನಮ್ಮ ಕಡೆಯದೇ ಒಂದು ಸಣ್ಣ ಲೈಬ್ರರಿ ಇಟ್ಟುಕೊಳ್ಳೋಣ. ಹೆಸರು ‘ಅಡಿಕೆ-ಲೆಕ್ಕ’. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆ, ತೂಕ, ಕ್ವಿಂಟಾಲಿಗೆ ಧಾರಣೆ ಕೊಟ್ಟರೆ ಒಟ್ಟು ಮೊತ್ತ ಹೇಳಬೇಕು. 3 ಕ್ವಿಂಟಾಲ್ 42 ಕೆಜಿ ರಾಶಿ, ಧಾರಣೆ 48,500 ಅಂದುಕೊಂಡರೆ ಉತ್ತರ 1,65,870 ರೂಪಾಯಿ ಬರಬೇಕು. ಧಾರಣೆಯನ್ನು ಒಂದು ವೆಬ್ ವಿಳಾಸದಿಂದ ತಂದುಕೊಳ್ಳುವ ಸೌಲಭ್ಯವೂ ಇರಲಿ.

ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಚಿಹ್ನೆ, ಅಂಕಿ, ಅಡ್ಡಗೆರೆ ಎಲ್ಲ ಇದ್ದ ಹಾಗೇ ಇರಲಿ.

ಹೆಜ್ಜೆ 1: ಬೇಕೇ ಬೇಕಾ ಅಂತ ಕೇಳಿ

ಲೈಬ್ರರಿ ಹುಡುಕುವ ಮೊದಲು ಪೈಥಾನಿನ ಜೊತೆಗೇ ಬರುವ ಸರಕನ್ನು ನೋಡಿ. ಸಿಎಸ್‌ವಿ ಓದಲು, ಜೇಸನ್ ಓದಲು, ಎಸ್‌ಕ್ಯೂಲೈಟ್ ಡೇಟಾಬೇಸಿಗೆ, ದಿನಾಂಕದ ಲೆಕ್ಕಕ್ಕೆ ಹೊರಗಿನದೇನೂ ಬೇಡ. ಟೈಮ್‌ಝೋನ್ ಲೆಕ್ಕ 3.9ರಿಂದ, ಸೆಟ್ಟಿಂಗ್ ಬರೆದಿಡುವ ಟಾಮಲ್ ಫೈಲ್ ಓದುವುದು 3.11ರಿಂದ ಒಳಗೇ ಇದೆ.

ದುಡ್ಡಿನ ಲೆಕ್ಕಕ್ಕೆ ಫ್ಲೋಟ್, ಅಂದರೆ ಪೈಥಾನಿನ ಮಾಮೂಲಿ ದಶಮಾಂಶ ಸಂಖ್ಯೆ, ಬಳಸಬೇಡಿ. 0.1ಕ್ಕೆ 0.2 ಕೂಡಿಸಿದರೆ ಫ್ಲೋಟಿನಲ್ಲಿ ಸರಿಯಾಗಿ 0.3 ಬರುವುದಿಲ್ಲ. ಡೆಸಿಮಲ್ ಮಾಡ್ಯೂಲ್ ಇದೆ, ಅದನ್ನೇ ಬಳಸಿ.

ನನಗೆ ತುಂಬ ಇಷ್ಟವಾದ ವಿಷಯ ಒಂದಿದೆ. ಕನ್ನಡ ಅಂಕಿಯಲ್ಲಿ ಬರೆದ ತೂಕವನ್ನು ಓದಬೇಕು ಅಂದಾಗ ಹಲವರು ಅದಕ್ಕೊಂದು ಲೈಬ್ರರಿ ಹುಡುಕಲು ಹೊರಡುತ್ತಾರೆ. ಬೇಕಾಗಿಲ್ಲ. ಪೈಥಾನ್ 3ರಲ್ಲಿ ಇಂಟ್("೪೫") ಎಂದು ಕೊಟ್ಟರೆ 45 ಬರುತ್ತದೆ. ಡೆಸಿಮಲ್ ಕೂಡ ಕನ್ನಡ ಅಂಕಿಯನ್ನು ಹಾಗೇ ಒಪ್ಪಿಕೊಳ್ಳುತ್ತದೆ. ಒಂದು ಡಿಪೆಂಡೆನ್ಸಿ ಅಲ್ಲೇ ಉಳಿಯಿತು, ಅಲ್ವಾ?

ಅಡಿಕೆ-ಲೆಕ್ಕಕ್ಕೆ ಕೊನೆಗೆ ಉಳಿಯುವುದು ವೆಬ್ಬಿನಿಂದ ಧಾರಣೆ ತರುವ ಕೆಲಸ. ಅದಕ್ಕೆ ‘ರಿಕ್ವೆಸ್ಟ್ಸ್’ ಲೈಬ್ರರಿ ಬಳಸೋಣ.

ಹೆಜ್ಜೆ 2: ಪ್ರಾಜೆಕ್ಟಿಗೆ ಅದರದೇ ವೆನ್ವ್

ವೆನ್ವ್ ಅಂದರೆ ಒಂದು ಪ್ರಾಜೆಕ್ಟಿನ ಲೈಬ್ರರಿಗಳನ್ನು ಬೇರೆಯದರ ಜೊತೆ ಬೆರೆಸದೆ ಇಡುವ ಫೋಲ್ಡರ್. ಪ್ರಾಜೆಕ್ಟ್ ಫೋಲ್ಡರಿನಲ್ಲಿ ನಿಂತು ಇದನ್ನು ಕೊಡಿ:

ಪೈಥಾನ್3 -ಎಂ ವೆನ್ವ್ .ವೆನ್ವ್

ಲಿನಕ್ಸಿನಲ್ಲಿ ‘ಸೋರ್ಸ್ .ವೆನ್ವ್/ಬಿನ್/ಆ್ಯಕ್ಟಿವೇಟ್’, ವಿಂಡೋಸಿನಲ್ಲಿ ‘.ವೆನ್ವ್\ಸ್ಕ್ರಿಪ್ಟ್ಸ್\ಆ್ಯಕ್ಟಿವೇಟ್’ ಎಂದು ಕೊಟ್ಟು ಒಳಗೆ ಹೋಗಿ. ವೆನ್ವ್ 2012ರ ಪೈಥಾನ್ 3.3ರಿಂದ ಜೊತೆಗೇ ಬರುತ್ತಿದೆ. ಡೆಬಿಯನ್ 12, ಉಬುಂಟು 24.04 ಎಂಬ ಲಿನಕ್ಸುಗಳಲ್ಲಿ ವೆನ್ವ್ ಇಲ್ಲದೆ ಪಿಪ್‌ನಿಂದ (ಪೈಥಾನ್ ಲೈಬ್ರರಿ ಹಾಕಿಕೊಡುವ ಸಾಧನ) ಇನ್‌ಸ್ಟಾಲ್ ಮಾಡಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂಬ ಎರರ್ ಬರುತ್ತದೆ. ಅದನ್ನು ದಾಟುವ ಆಪ್ಷನ್ ಇದೆ. ಬಳಸಬೇಡಿ. ಆ ಸಿಸ್ಟಮ್ಮಿನ ಎಷ್ಟೋ ಕೆಲಸ ಅದೇ ಪೈಥಾನಿನ ಮೇಲೆ ನಡೆಯುತ್ತಿರುತ್ತದೆ. ಅದನ್ನು ಕೆಡಿಸಬಾರದು ಅಂತಲೇ ಆ ತಡೆ ಹಾಕಿದ್ದಾರೆ.

ಶಿವಮೊಗ್ಗದ ಕಾಲೇಜು ಹುಡುಗರು ಪ್ರಾಜೆಕ್ಟನ್ನು ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳುವಾಗ .ವೆನ್ವ್ ಫೋಲ್ಡರನ್ನೂ ಸೇರಿಸಿ ಕಾಪಿ ಮಾಡುತ್ತಾರೆ. ಅದು ಇನ್ನೊಂದು ಕಂಪ್ಯೂಟರಿನಲ್ಲಿ ಓಡುತ್ತದೆ ಎಂದು ನಂಬಬೇಡಿ. ವೆನ್ವಿನ ಒಳಗಿನ ಸ್ಕ್ರಿಪ್ಟುಗಳಲ್ಲಿ ನಿಮ್ಮ ಫೋಲ್ಡರಿನ ಪೂರ್ತಿ ವಿಳಾಸ ಬರೆದಿರುತ್ತದೆ. ಅವರ ಕಂಪ್ಯೂಟರಿನಲ್ಲಿ ಆ ವಿಳಾಸವೇ ಇರುವುದಿಲ್ಲ. ವೆನ್ವನ್ನು ಯಾವಾಗ ಬೇಕಾದರೂ ಅಳಿಸಿ ಮತ್ತೆ ಮಾಡಿಕೊಳ್ಳುವಂತಿರಬೇಕು. ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಾದ ಗಿಟ್‌ಇಗ್ನೋರಿನಲ್ಲಿ ಅದರ ಹೆಸರು ಹಾಕಿಬಿಡಿ.

ಹೆಜ್ಜೆ 3: ಪೈಪ್ರಾಜೆಕ್ಟ್.ಟಾಮಲ್ ಬರೆಯಿರಿ

ಪ್ಯಾಕೇಜಿನ ಹೆಸರು, ಆವೃತ್ತಿ, ಡಿಪೆಂಡೆನ್ಸಿ ಹೇಳಲು ಹಿಂದೆ ಸೆಟಪ್.ಪೈ ಬರೆಯುತ್ತಿದ್ದೆವು. ಈಗ ಹೊಸ ಪ್ರಾಜೆಕ್ಟಿಗೆ ಅದರ ಗೋಜೇ ಬೇಡ. ಫೋಲ್ಡರನ್ನು ಹೀಗೆ ಜೋಡಿಸಿ: ಮೇಲೆ ಪೈಪ್ರಾಜೆಕ್ಟ್.ಟಾಮಲ್, ಅದರ ಪಕ್ಕ ‘ಎಸ್‌ಆರ್‌ಸಿ’ ಫೋಲ್ಡರ್, ಅದರೊಳಗೆ ‘ಅಡಿಕೆ_ಲೆಕ್ಕ’, ಟೆಸ್ಟುಗಳು ಬೇರೆ ಫೋಲ್ಡರಿನಲ್ಲಿ. ಎಸ್‌ಆರ್‌ಸಿ ಯಾಕೆ ಅಂದರೆ, ಆಗ ಟೆಸ್ಟ್ ಓಡಿಸುವಾಗ ಪೈಥಾನ್ ಪಕ್ಕದಲ್ಲಿ ಬಿದ್ದಿರುವ ಕೋಡನ್ನು ಸುಮ್ನೆ ಎತ್ತಿಕೊಳ್ಳುವುದಿಲ್ಲ. ಇನ್‌ಸ್ಟಾಲ್ ಆದ ಪ್ಯಾಕೇಜನ್ನೇ ನೋಡುತ್ತದೆ.

ಟಾಮಲ್ ಫೈಲಿನಲ್ಲಿ ಇಷ್ಟಿದ್ದರೆ ಸಾಕು (ಹ್ಯಾಚ್‌ಲಿಂಗ್ ಅಂದರೆ ಪ್ಯಾಕೇಜ್ ಕಟ್ಟುವ ಸಾಧನ):

[ಬಿಲ್ಡ್-ಸಿಸ್ಟಮ್]
ರಿಕ್ವೈರ್ಸ್ = ["ಹ್ಯಾಚ್‌ಲಿಂಗ್"]
ಬಿಲ್ಡ್-ಬ್ಯಾಕೆಂಡ್ = "ಹ್ಯಾಚ್‌ಲಿಂಗ್.ಬಿಲ್ಡ್"

[ಪ್ರಾಜೆಕ್ಟ್]
ನೇಮ್ = "ಅಡಿಕೆ-ಲೆಕ್ಕ"
ವರ್ಷನ್ = "0.1.0"
ರಿಕ್ವೈರ್ಸ್-ಪೈಥಾನ್ = ">=3.11"
ಡಿಪೆಂಡೆನ್ಸೀಸ್ = ["ರಿಕ್ವೆಸ್ಟ್ಸ್>=2.31"]

ಪ್ಯಾಕೇಜಿನ ಹೆಸರಲ್ಲಿ ಅಡ್ಡಗೆರೆ, ಇಂಪೋರ್ಟ್ ಮಾಡುವ ಹೆಸರಲ್ಲಿ ಅಂಡರ್‌ಸ್ಕೋರ್. ಪೈಥಾನ್ 3 ವೇರಿಯಬಲ್ ಹೆಸರನ್ನು ಕನ್ನಡದಲ್ಲಿ ಇಡಲು ಬಿಡುತ್ತದೆ, ಆದರೆ ಪೈಪಿಐ (ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರ) ಮೇಲೆ ಪ್ಯಾಕೇಜಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಕೆಲಸ ಮಾಡುತ್ತಿರುವಾಗ ‘ಪಿಪ್ ಇನ್‌ಸ್ಟಾಲ್ -ಇ .’ ಎಂದು ಕೊಡಿ. ಕೊನೆಯ ಚುಕ್ಕಿ ಮರೆಯಬೇಡಿ. ಆಮೇಲೆ ಕೋಡ್ ತಿದ್ದಿದಾಗಲೆಲ್ಲ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಈಗ ‘ಪಿಪ್ ಲಿಸ್ಟ್’ ಕೊಟ್ಟು ನೋಡಿ. ನೀವು ಕೇಳಿದ್ದು ರಿಕ್ವೆಸ್ಟ್ಸ್ ಒಂದೇ. ಬಂದದ್ದು ಐದು: ರಿಕ್ವೆಸ್ಟ್ಸ್, ಯುಆರ್‌ಎಲ್‌ಲಿಬ್3, ಐಡಿಎನ್‌ಎ, ಸರ್ಟಿಫೈ, ಚಾರ್‌ಸೆಟ್-ನಾರ್ಮಲೈಸರ್. ನೀವು ಹೆಸರೇ ಕೇಳದ ಆ ನಾಲ್ಕು ಕೂಡ ಇನ್ನು ಮುಂದೆ ನಿಮ್ಮ ಜವಾಬ್ದಾರಿ. ಮುಂದಿನ ಹೆಜ್ಜೆಗಳಲ್ಲಿ ಪಡುವ ಪಾಡೆಲ್ಲ ಹೆಚ್ಚಾಗಿ ಇವುಗಳಿಗಾಗಿಯೇ.

ಹೆಜ್ಜೆ 4: ವೀಲ್ ಕಟ್ಟಿ, ಬಿಚ್ಚಿ ನೋಡಿ

‘ಪಿಪ್ ಇನ್‌ಸ್ಟಾಲ್ ಬಿಲ್ಡ್’ ಮಾಡಿಕೊಂಡು ‘ಪೈಥಾನ್ -ಎಂ ಬಿಲ್ಡ್’ ಎಂದು ಕೊಡಿ. ಡಿಸ್ಟ್ ಫೋಲ್ಡರಿನಲ್ಲಿ ಎರಡು ಫೈಲ್ ಬರುತ್ತವೆ. ಒಂದು ಟಾರ್ ಫೈಲ್, ಅಂದರೆ ಸೋರ್ಸ್. ಇನ್ನೊಂದು ವೀಲ್, ಅಂದರೆ ನೇರವಾಗಿ ಇನ್‌ಸ್ಟಾಲ್ ಮಾಡಬಹುದಾದ ಪ್ಯಾಕೇಜ್. ವೀಲಿನ ಹೆಸರು ಹೀಗಿರುತ್ತದೆ:

ಅಡಿಕೆ_ಲೆಕ್ಕ-0.1.0-ಪಿವೈ3-ನನ್-ಎನಿ.ಡಬ್ಲ್ಯುಎಚ್‌ಎಲ್

ಈ ಹೆಸರನ್ನು ಓದಲು ಕಲಿಯಿರಿ, ತುಂಬ ಉಪಯೋಗಕ್ಕೆ ಬರುತ್ತದೆ. ‘ಪಿವೈ3’ ಅಂದರೆ ಯಾವ ಪೈಥಾನ್ 3 ಆದರೂ ಸರಿ. ‘ನನ್’ ಅಂದರೆ ಕಂಪೈಲ್ ಮಾಡಿದ ಭಾಗ ಇಲ್ಲ. ‘ಎನಿ’ ಅಂದರೆ ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದಾದರೂ ನಡೆಯುತ್ತದೆ. ಇದೇ ಜಾಗದಲ್ಲಿ ‘ಸಿಪಿ312’, ‘ಮೆನಿಲಿನಕ್ಸ್’, ‘ವಿನ್’ ಅಂತೆಲ್ಲ ಇದ್ದರೆ ಆ ವೀಲ್ ಆ ಪೈಥಾನಿಗೆ, ಆ ಸಿಸ್ಟಮ್ಮಿಗೆ ಮಾತ್ರ.

ವೀಲ್ ಅಂದರೆ ಜಿಪ್ ಫೈಲೇ. ಅಡಿಕೆಯ ಬಗೆಗಳ ಪಟ್ಟಿ ‘ಬಗೆ.ಸಿಎಸ್‌ವಿ’ಯಲ್ಲಿದೆ ಅಂದುಕೊಳ್ಳಿ. ನಿಮ್ಮ ಫೋಲ್ಡರಿನಲ್ಲಿ ಎಲ್ಲ ಸಲೀಸಾಗಿ ಓಡುತ್ತದೆ, ಬೇರೆಯವರು ಇನ್‌ಸ್ಟಾಲ್ ಮಾಡಿದರೆ ‘ಫೈಲ್ ಇಲ್ಲ’ ಅನ್ನುತ್ತದೆ. ಕಾರಣ, ಆ ಸಿಎಸ್‌ವಿ ವೀಲಿನೊಳಗೆ ಹೋಗಿಯೇ ಇರುವುದಿಲ್ಲ. ಪಟ್ಟಿ ನೋಡಲು:

ಪೈಥಾನ್ -ಎಂ ಜಿಪ್‌ಫೈಲ್ -ಎಲ್ ಡಿಸ್ಟ್/ವೀಲಿನ-ಹೆಸರು

ಸಿಎಸ್‌ವಿ ಕಾಣಿಸಿದರೆ ಸರಿ. ಹ್ಯಾಚ್‌ಲಿಂಗ್ ಪ್ಯಾಕೇಜ್ ಫೋಲ್ಡರಿನೊಳಗಿನ ಫೈಲುಗಳನ್ನು ತಾನೇ ಸೇರಿಸುತ್ತದೆ, ಗಿಟ್‌ಇಗ್ನೋರಿನಲ್ಲಿ ಹೆಸರಿದ್ದರೆ ಬಿಡುತ್ತದೆ. ಡೇಟಾ ಫೋಲ್ಡರನ್ನು ಇಗ್ನೋರ್ ಪಟ್ಟಿಗೆ ಹಾಕಿ ಮರೆತವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕೋಡಿನಲ್ಲಿ ಆ ಫೈಲನ್ನು ತೆರೆಯುವಾಗಲೂ ಅಷ್ಟೇ. ‘ಡೇಟಾ/ಬಗೆ.ಸಿಎಸ್‌ವಿ’ ಎಂದು ದಾರಿ ಬರೆದರೆ ನೀವು ಟರ್ಮಿನಲ್ ತೆರೆದ ಜಾಗದಲ್ಲಿ ಹುಡುಕುತ್ತದೆ. ಅದರ ಬದಲು ‘ಇಂಪೋರ್ಟ್‌ಲಿಬ್.ರಿಸೋರ್ಸಸ್’ ಬಳಸಿ. ಅದು ಪ್ಯಾಕೇಜಿನೊಳಗೇ ಹುಡುಕುತ್ತದೆ.

ಹೆಜ್ಜೆ 5: ಆವೃತ್ತಿಯ ಗಡಿ ಎಷ್ಟು ಬಿಗಿ ಇರಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಆವೃತ್ತಿಯ ಮೂರು ಅಂಕಿಗೆ ಒಂದು ಒಪ್ಪಂದ ಇದೆ. ಮೊದಲನೆಯದು ಬದಲಾದರೆ ಹಳೆಯ ಕೋಡ್ ಮುರಿಯಬಹುದು, ಎರಡನೆಯದು ಬದಲಾದರೆ ಹೊಸ ಸೌಲಭ್ಯ ಬಂದಿದೆ, ಮೂರನೆಯದು ಬರೀ ರಿಪೇರಿ. ಎಲ್ಲರೂ ಇದನ್ನು ಪಾಲಿಸುತ್ತಾರೆ ಅಂತೇನಿಲ್ಲ.

ಬರೆಯುವ ಬಗೆಗಳು ನಾಲ್ಕಾರು. ‘==2.31.0’ ಅಂದರೆ ಅದೊಂದೇ. ‘>=2.31’ ಅಂದರೆ ಅದು, ಅಥವಾ ಅದಕ್ಕಿಂತ ಹೊಸದು ಯಾವುದಾದರೂ. ‘~=1.4’ ಅಂದರೆ 1.4ರಿಂದ ಮೇಲೆ, 2ಕ್ಕಿಂತ ಕೆಳಗೆ. ಆದರೆ ‘~=1.4.2’ ಅಂದರೆ 1.4.2ರಿಂದ ಮೇಲೆ, 1.5ಕ್ಕಿಂತ ಕೆಳಗೆ. ಒಂದು ಅಂಕಿ ಜಾಸ್ತಿ ಬರೆದರೆ ಗಡಿ ಎಷ್ಟು ಕಿರಿದಾಯಿತು ನೋಡಿ.

ನೀವು ಬರೆಯುತ್ತಿರುವುದು ಬೇರೆಯವರು ಬಳಸುವ ಲೈಬ್ರರಿಯಾದರೆ ಗಡಿ ಸಡಿಲವಾಗಿರಲಿ. ನೀವು ರಿಕ್ವೆಸ್ಟ್ಸ್ 2.31.0 ಮಾತ್ರ ಅಂದಿರಿ, ಇನ್ನೊಂದು ಲೈಬ್ರರಿ 2.32 ಬೇಕು ಅಂದಿತು. ಎರಡನ್ನೂ ಬಳಸುವವನ ಗತಿ ಏನು? ಒಂದೇ ವೆನ್ವಿನಲ್ಲಿ ಒಂದು ಪ್ಯಾಕೇಜಿನ ಎರಡು ಆವೃತ್ತಿ ಇರಲು ಸಾಧ್ಯವಿಲ್ಲ. 2020ರಲ್ಲಿ ಬಂದ ಪಿಪ್ 20.3ರಿಂದ ಆವೃತ್ತಿಗಳನ್ನು ಹೊಂದಿಸುವ ಹೊಸ ರಿಸಾಲ್ವರ್ ಇದೆ, ಇಂಥ ಕಡೆ ಅದು ಮುಂದೆ ಹೋಗದೆ ನಿಲ್ಲುತ್ತದೆ.

ಹಾಗಂತ ಮೇಲಿನ ಗಡಿ ಪೂರ್ತಿ ಬೇಡವೇ? ಸಂಖ್ಯೆಗಳ ಲೆಕ್ಕದ ಲೈಬ್ರರಿ ನಂಪೈ 2.0 ನೆನಪಿಸಿಕೊಳ್ಳಿ. 2024ರ ಜೂನಿನಲ್ಲಿ ಬಂತು. ನಂಪೈ 1ರ ಮೇಲೆ ಕಂಪೈಲ್ ಮಾಡಿದ್ದ ಎಷ್ಟೋ ಲೈಬ್ರರಿಗಳು ಅದರ ಜೊತೆ ಇಂಪೋರ್ಟ್ ಆಗುವಾಗಲೇ ಬಿದ್ದವು. ‘<2’ ಎಂದು ಗಡಿ ಹಾಕಿದ್ದವರು ಬಚಾವಾದರು. ನನ್ನ ಅಭಿಪ್ರಾಯ ಇಷ್ಟು: ಮುರಿಯುತ್ತದೆ ಎಂದು ಗೊತ್ತಿದ್ದರೆ, ಅಥವಾ ಆ ಲೈಬ್ರರಿಯವರೇ ಮುನ್ಸೂಚನೆ ಕೊಟ್ಟಿದ್ದರೆ ಮೇಲಿನ ಗಡಿ ಹಾಕಿ. ಬರೀ ಭಯಕ್ಕೆ ಎಲ್ಲದಕ್ಕೂ ಹಾಕಬೇಡಿ. ಕೆಳಗಿನ ಗಡಿಯನ್ನು ಮಾತ್ರ ತಪ್ಪದೆ ಬರೆಯಿರಿ, ಆ ಆವೃತ್ತಿಯ ಮೇಲೆ ಟೆಸ್ಟ್ ಓಡಿಸಿ ನೋಡಿಯೇ ಬರೆಯಿರಿ.

ಅದೇ ನೀವು ಬರೆಯುತ್ತಿರುವುದು ಮಂಡಿಯವರ ಕಂಪ್ಯೂಟರಿನಲ್ಲಿ ಕೂತು ಬಿಲ್ ಮಾಡುವ ಪ್ರೋಗ್ರಾಮ್ ಆದರೆ? ಆಗ ಸಡಿಲ ಗಡಿ ಸಾಲದು. ಲಾಕ್ ಬೇಕು.

ಹೆಜ್ಜೆ 6: ಲಾಕ್ ಮಾಡಿ

2023ರಲ್ಲಿ ನಡೆದದ್ದು ಕೇಳಿ. ಯುಆರ್‌ಎಲ್‌ಲಿಬ್3ರ 2.0 ಬಂತು. ಅದಕ್ಕೆ ಓಪನ್‌ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ ಲೈಬ್ರರಿ) 1.1.1 ಅಥವಾ ಹೊಸದು ಬೇಕು. ಸೆಂಟ್‌ಓಎಸ್ 7ರಂಥ ಹಳೆಯ ಸರ್ವರುಗಳಲ್ಲಿ ಇದ್ದದ್ದು 1.0.2. ಬರೀ ‘ರಿಕ್ವೆಸ್ಟ್ಸ್’ ಎಂದು ಬರೆದುಕೊಂಡಿದ್ದವರು ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಪ್ರೋಗ್ರಾಮ್ ಮೇಲೇಳಲೇ ಇಲ್ಲ. ತಮ್ಮ ಕೋಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಯುಆರ್‌ಎಲ್‌ಲಿಬ್3 ಅನ್ನುವ ಹೆಸರನ್ನು ಅವರು ಎಲ್ಲೂ ಬರೆದಿರಲೂ ಇಲ್ಲ.

ಲಾಕ್ ಫೈಲ್ ಅಂದರೆ ಒಳಗೊಳಗೆ ಬರುವುದೂ ಸೇರಿ ಎಲ್ಲ ಪ್ಯಾಕೇಜಿನ ನಿಖರ ಆವೃತ್ತಿಯ ಪಟ್ಟಿ. ‘ಪಿಪ್ ಫ್ರೀಜ್’ ಕೂಡ ಪಟ್ಟಿ ಕೊಡುತ್ತದೆ, ಆದರೆ ವೆನ್ವಿನಲ್ಲಿ ಆಕಸ್ಮಿಕವಾಗಿ ಬಿದ್ದಿರುವುದನ್ನೂ ಸೇರಿಸುತ್ತದೆ, ಯಾವುದು ಯಾರಿಂದ ಬಂತು ಹೇಳುವುದಿಲ್ಲ. ‘ಪಿಪ್-ಟೂಲ್ಸ್’ ಹಾಕಿಕೊಂಡು ಇದನ್ನು ಕೊಡಿ:

ಪಿಪ್-ಕಂಪೈಲ್ --ಜನರೇಟ್-ಹ್ಯಾಶಸ್ -ಓ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ ಪೈಪ್ರಾಜೆಕ್ಟ್.ಟಾಮಲ್

ಫೈಲ್ ತೆರೆದರೆ ಯುಆರ್‌ಎಲ್‌ಲಿಬ್3ರ ಕೆಳಗೆ ‘ವಯಾ ರಿಕ್ವೆಸ್ಟ್ಸ್’ ಅನ್ನುವ ಟಿಪ್ಪಣಿ ಕಾಣುತ್ತದೆ. ಯಾರ ಬೆನ್ನಿಗೆ ಯಾರು ಬಂದರು ಎಂದು ಅಲ್ಲೇ ತಿಳಿಯಿತು. ಹ್ಯಾಶ್ ಅಂದರೆ ಆ ಫೈಲಿನ ಬೆರಳಚ್ಚು. ಡೌನ್‌ಲೋಡ್ ಆದದ್ದು ಒಂದು ಬೈಟ್ ಬೇರೆ ಇದ್ದರೂ ಪಿಪ್ ಒಪ್ಪುವುದಿಲ್ಲ.

ಈ ಫೈಲನ್ನು ಗಿಟ್ಟಿಗೆ ಸೇರಿಸಿ. ಪಿಪ್-ಕಂಪೈಲನ್ನು ಪ್ರೋಗ್ರಾಮ್ ಓಡುವ ಪೈಥಾನ್, ಓಡುವ ಸಿಸ್ಟಮ್ ಮೇಲೆಯೇ ಓಡಿಸಿ, ಯಾಕೆಂದರೆ ವಿಂಡೋಸಿಗೆ ಮಾತ್ರ ಬೇಕಾದ ಪ್ಯಾಕೇಜುಗಳು ಲಿನಕ್ಸಿನ ಪಟ್ಟಿಯಲ್ಲಿ ಬರುವುದಿಲ್ಲ. ಎರಡೂ ಕಡೆಗೆ ಒಂದೇ ಲಾಕ್ ಬೇಕಿದ್ದರೆ 2024ರಲ್ಲಿ ಬಂದ ‘ಯುವಿ’ ನೋಡಿ. ‘ಯುವಿ ಲಾಕ್’ ಎಲ್ಲ ಸಿಸ್ಟಮ್ಮಿಗೂ ಸೇರಿಸಿ ಒಂದು ಫೈಲ್ ಮಾಡುತ್ತದೆ, ವೇಗವೂ ಜಾಸ್ತಿ.

ಹೆಜ್ಜೆ 7: ಮಳೆಗಾಲದ ದಾಸ್ತಾನು

ಮಲೆನಾಡಿನ ಮನೆಗಳಲ್ಲಿ ಮೇ ತಿಂಗಳೊಳಗೆ ಸೌದೆ ಕೊಟ್ಟಿಗೆ ಸೇರುತ್ತದೆ, ಹಪ್ಪಳ ಸಂಡಿಗೆ ಡಬ್ಬಿ ಸೇರುತ್ತದೆ. ಪ್ಯಾಕೇಜುಗಳಿಗೂ ಹಾಗೆಯೇ ಮಾಡಿ. ನೆಟ್ ಚೆನ್ನಾಗಿರುವ ದಿನ, ಶಿವಮೊಗ್ಗಕ್ಕೆ ಹೋದಾಗಲಾದರೂ ಸರಿ, ಇದನ್ನು ಓಡಿಸಿ:

ಪಿಪ್ ಡೌನ್‌ಲೋಡ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ -ಡಿ ದಾಸ್ತಾನು --ಓನ್ಲಿ-ಬೈನರಿ=:ಆಲ್:

‘ಓನ್ಲಿ-ಬೈನರಿ’ ಬಿಟ್ಟರೆ ಕೆಲವು ಪ್ಯಾಕೇಜ್ ಸೋರ್ಸ್ ಆಗಿ ಬರಬಹುದು. ಅದನ್ನು ಕಟ್ಟಲು ಬೇರೆ ಸಾಮಾನು ಬೇಕು. ಆ ಸಾಮಾನಿಗೆ ಪಿಪ್ ಮತ್ತೆ ನೆಟ್ ಹುಡುಕುತ್ತದೆ. ನೆಟ್ ಇಲ್ಲದ ದಿನ ಗೊತ್ತಾಗಿ ಪ್ರಯೋಜನವಿಲ್ಲ.

ಇನ್ನೊಂದು ತಾಪತ್ರಯ. ನಿಮ್ಮದು ವಿಂಡೋಸ್, ಕೊಡಬೇಕಾದ ಕಂಪ್ಯೂಟರ್ ಲಿನಕ್ಸ್ ಅಂದರೆ ಈ ದಾಸ್ತಾನು ಅಲ್ಲಿ ಕೈಕೊಡುತ್ತದೆ. ನಮ್ಮ ಐದರಲ್ಲಿ ಚಾರ್‌ಸೆಟ್-ನಾರ್ಮಲೈಸರಿಗೆ ಪ್ರತಿ ಸಿಸ್ಟಮ್ಮಿಗೂ ಬೇರೆ ಬೇರೆ ವೀಲ್ ಇದೆ. ಆಗ ಅದೇ ಕಮಾಂಡಿನ ಕೊನೆಗೆ ‘--ಪ್ಲಾಟ್‌ಫಾರ್ಮ್ ಮೆನಿಲಿನಕ್ಸ್2014_ಎಕ್ಸ್86_64 --ಪೈಥಾನ್-ವರ್ಷನ್ 3.12’ ಎಂದು ಸೇರಿಸಿ. ಅಲ್ಲಿರುವ ಪೈಥಾನ್ ಯಾವುದು ಎಂದು ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 4ರಲ್ಲಿ ಕಟ್ಟಿದ ನಿಮ್ಮ ವೀಲನ್ನೂ ದಾಸ್ತಾನು ಫೋಲ್ಡರಿಗೆ ಹಾಕಿ. ಪೆನ್‌ಡ್ರೈವಿನಲ್ಲಿ ಹೋಗಬೇಕಾದದ್ದು ಮೂರೇ: ದಾಸ್ತಾನು, ರಿಕ್ವೈರ್‌ಮೆಂಟ್ಸ್ ಫೈಲ್ ಮತ್ತು ಟೆಸ್ಟುಗಳ ಫೋಲ್ಡರ್. ಆ ಕಡೆ ಹೊಸ ವೆನ್ವ್ ಮಾಡಿ, ವೈಫೈ ಆಫ್ ಮಾಡಿ, ಹೀಗೆ ಕೊಡಿ:

ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ದಾಸ್ತಾನು --ರಿಕ್ವೈರ್-ಹ್ಯಾಶಸ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ದಾಸ್ತಾನು --ನೋ-ಡೆಪ್ಸ್ ಅಡಿಕೆ-ಲೆಕ್ಕ

ಎರಡು ಸಲ ಯಾಕೆ? ಹ್ಯಾಶ್ ಕಡ್ಡಾಯ ಮಾಡಿದಾಗ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಹ್ಯಾಶ್ ಇರಬೇಕು. ನಿಮ್ಮ ವೀಲಿನ ಹ್ಯಾಶ್ ಆ ಪಟ್ಟಿಯಲ್ಲಿಲ್ಲ. ಅದಕ್ಕೇ ಅದನ್ನು ಬೇರೆಯಾಗಿ, ಡಿಪೆಂಡೆನ್ಸಿ ಹುಡುಕಬೇಡ ಎಂದು ಹೇಳಿ ಹಾಕುತ್ತಿದ್ದೇವೆ.

ಕೊನೆಗೆ ‘ಪಿಪ್ ಚೆಕ್’ ಕೊಡಿ. ಯಾವುದಾದರೂ ಬಿಟ್ಟುಹೋಗಿದ್ದರೆ, ಒಂದಕ್ಕೊಂದು ಹೊಂದದಿದ್ದರೆ ಹೇಳುತ್ತದೆ. ಆಮೇಲೆ ಟೆಸ್ಟ್ ಓಡಿಸಿ. ಧಾರಣೆ ತರುವ ಟೆಸ್ಟ್ ನೆಟ್ ಇಲ್ಲದೆ ಬೀಳುತ್ತದೆ, ಅದು ಸಹಜ. ಆದರೆ ಧಾರಣೆ ಸಿಗದಿದ್ದಾಗ ಪ್ರೋಗ್ರಾಮ್ ನಿಲ್ಲದೆ, ಕೈಯಲ್ಲಿ ಟೈಪ್ ಮಾಡಲು ಕೇಳಬೇಕು. ಅದನ್ನೂ ಇಲ್ಲೇ ನೋಡಿಬಿಡಿ.

ಹೆಜ್ಜೆ 8: ಲಾಕ್ ಮಾಡಿ ಮರೆಯಬೇಡಿ

ಲಾಕ್ ಮಾಡಿದ ಪಟ್ಟಿ ಹಳತಾಗುತ್ತದೆ, ಅದರಲ್ಲಿನ ಸೆಕ್ಯುರಿಟಿ ತೂತುಗಳು ಹೊರಬೀಳುತ್ತವೆ. ‘ಪಿಪ್-ಆಡಿಟ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಎಂದು ಕೊಟ್ಟರೆ ಯಾವ ಆವೃತ್ತಿಯಲ್ಲಿ ಏನು ದೋಷ ಗೊತ್ತಾಗಿದೆ, ಯಾವುದರಲ್ಲಿ ಸರಿಹೋಗಿದೆ ಎಂದು ಹೇಳುತ್ತದೆ. ಆ ಒಂದನ್ನೇ ಮೇಲೇರಿಸಿ: ಪಿಪ್-ಕಂಪೈಲ್ ಕಮಾಂಡಿಗೆ ‘--ಅಪ್‌ಗ್ರೇಡ್-ಪ್ಯಾಕೇಜ್ ಯುಆರ್‌ಎಲ್‌ಲಿಬ್3’ ಎಂದು ಸೇರಿಸಿದರಾಯಿತು. ಟೆಸ್ಟ್ ಓಡಿಸಿ, ಲಾಕ್ ಫೈಲಿನ ಬದಲಾವಣೆಯನ್ನು ಬೇರೆಯೇ ಕಮಿಟ್ ಮಾಡಿ. ಒಂದೇ ಸಲ ಎಲ್ಲವನ್ನೂ ಏರಿಸಿದರೆ ಮುರಿದಾಗ ಯಾವುದರಿಂದ ಮುರಿಯಿತು ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಹಾಗಂತ ಬಂದ ದಿನವೇ ಹೊಸ ಆವೃತ್ತಿಗೆ ಹಾರಬೇಡಿ. 2024ರ ಮಾರ್ಚಿನಲ್ಲಿ ಫೈಲ್ ಕುಗ್ಗಿಸುವ ಸಾಧನ ಎಕ್ಸ್‌ಝಡ್ ಯುಟಿಲ್ಸಿನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇಟ್ಟದ್ದು ಬಯಲಾಯಿತು. ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರಿಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನ) ಲಾಗಿನ್ ಅರ್ಧ ಸೆಕೆಂಡ್ ನಿಧಾನವಾದದ್ದು ಅನುಮಾನ ತಂದಿತ್ತು. ಹೆಚ್ಚಿನ ಸಿಸ್ಟಮ್ಮುಗಳಿಗೆ ಆ ಆವೃತ್ತಿ ಇನ್ನೂ ತಲುಪಿರಲಿಲ್ಲ. ಅದಕ್ಕೂ ಮೊದಲು, 2016ರ ಮಾರ್ಚಿನಲ್ಲಿ, ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ ಎನ್‌ಪಿಎಂನಿಂದ ‘ಲೆಫ್ಟ್-ಪ್ಯಾಡ್’ ಅನ್ನುವ 11 ಸಾಲಿನ ಪ್ಯಾಕೇಜನ್ನು ಬರೆದವರು ತೆಗೆದುಹಾಕಿದರು. ಅದನ್ನು ನಂಬಿದ್ದ ಪ್ರಾಜೆಕ್ಟುಗಳ ಬಿಲ್ಡುಗಳು ಜಗತ್ತಿನ ಎಲ್ಲೆಡೆ ನಿಂತವು. ದಾಸ್ತಾನು ಇದ್ದವರಿಗೆ ಇಂಥ ದಿನವೂ ತೊಂದರೆಯಿಲ್ಲ.

ಹೆಸರಿನ ಬಗ್ಗೆಯೂ ಹುಷಾರಾಗಿರಿ. ಒಂದಕ್ಷರ ಹೆಚ್ಚುಕಮ್ಮಿ ಮಾಡಿ ಕೆಟ್ಟ ಪ್ಯಾಕೇಜ್ ಇಟ್ಟು ಕಾಯುವವರಿದ್ದಾರೆ. ಎಐ ಚಾಟ್ ಹೇಳಿದ ಪ್ಯಾಕೇಜ್ ಹೆಸರನ್ನು ಪೈಪಿಐನಲ್ಲಿ ಹುಡುಕಿ, ಅದರ ಸೋರ್ಸ್ ಕೋಡಿನ ಕೊಂಡಿ, ಹಳೆಯ ಆವೃತ್ತಿಗಳು ಇವೆಯಾ ನೋಡಿಯೇ ಇನ್‌ಸ್ಟಾಲ್ ಮಾಡಿ. ಇರದ ಹೆಸರನ್ನೂ ಅವು ಇದೆ ಎಂಬಂತೆ ಹೇಳುತ್ತವೆ. ಆ ಹೆಸರಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹಾಕಿರಬಹುದು.

ಹೆಜ್ಜೆ 9: ಪೈಪಿಐಗೆ ಹಾಕುವುದಾದರೆ

ಎಲ್ಲ ಲೈಬ್ರರಿಯನ್ನೂ ಪೈಪಿಐಗೆ ಹಾಕಬೇಕೆಂದಿಲ್ಲ. ನಾಲ್ಕು ಜನ ಬಳಸುವುದಾದರೆ ವೀಲನ್ನು ಕೈಗೆ ಕೊಟ್ಟರೂ ನಡೆಯುತ್ತದೆ. ಹಾಕುವುದಾದರೆ ಮೊದಲು ಟೆಸ್ಟ್ ಪೈಪಿಐನಲ್ಲಿ ಅಭ್ಯಾಸ ಮಾಡಿ. 2024ರ ಜನವರಿಯಿಂದ ಪೈಪಿಐ ಖಾತೆಗೆ ಎರಡು ಹಂತದ ಲಾಗಿನ್ ಕಡ್ಡಾಯ, ಅದರ ರಿಕವರಿ ಕೋಡುಗಳನ್ನು ಕಾಗದದ ಮೇಲೆ ಬರೆದಿಡಿ. ಲೈಸೆನ್ಸ್ ಫೈಲ್ ಇಲ್ಲದೆ ಹಾಕಬೇಡಿ, ಇಲ್ಲದಿದ್ದರೆ ಬಳಸಲು ಅನುಮತಿ ಇದೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ರೀಡ್‌ಮಿ ಕನ್ನಡದಲ್ಲಿ ಬರೆದರೂ ಅಲ್ಲಿ ಚೆನ್ನಾಗಿ ಕಾಣುತ್ತದೆ. ಬರೆಯಿರಿ. ನಂತರ ಅಪ್‌ಲೋಡ್ ಮಾಡುವ ಸಾಧನ ಟ್ವೈನ್ ಹಾಕಿಕೊಂಡು ‘ಟ್ವೈನ್ ಅಪ್‌ಲೋಡ್ ಡಿಸ್ಟ್/*’ ಎಂದು ಕೊಡಿ.

ಒಮ್ಮೆ ಹಾಕಿದ ಫೈಲನ್ನು ಅದೇ ಹೆಸರಲ್ಲಿ ಮತ್ತೆ ಹಾಕಲು ಬಿಡುವುದಿಲ್ಲ, ಅಳಿಸಿದರೂ ಅಷ್ಟೇ. 0.1.0ದಲ್ಲಿ ತಪ್ಪು ಸಿಕ್ಕಿದರೆ 0.1.1 ಮಾಡಿ ಹಾಕಿ, ಹಳೆಯದನ್ನು ಅಳಿಸುವ ಬದಲು ‘ಯಾಂಕ್’ ಮಾಡಿ. ಯಾಂಕ್ ಮಾಡಿದ ಆವೃತ್ತಿಯನ್ನು ಹೊಸಬರಿಗೆ ಪಿಪ್ ತಾನಾಗಿ ಆರಿಸುವುದಿಲ್ಲ, ಆದರೆ ‘==0.1.0’ ಎಂದು ಲಾಕ್ ಮಾಡಿಕೊಂಡವರಿಗೆ ಸಿಗುತ್ತದೆ, ಅವರ ಬಿಲ್ಡ್ ಮುರಿಯುವುದಿಲ್ಲ. ಯಾಂಕ್ ಮಾಡುವಾಗ ಕಾರಣ ಬರೆಯಲು ಜಾಗ ಇದೆ. ‘ಕೆಜಿ ಲೆಕ್ಕ ತಪ್ಪಿತ್ತು, 0.1.1 ಬಳಸಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಇನ್‌ಸ್ಟಾಲ್ ಮಾಡುವವರಿಗೆ ಪಿಪ್ ಅದನ್ನು ಹಾಗೇ ತೋರಿಸುತ್ತದೆ.